ಪ್ಯಾನೆಲ್ ದೀಪಕ್ಕೆ ಯಾವ ಬಣ್ಣ? ಕೆಂಪಿನಿಂದ ನೀಲಿಗೆ 31 ವರ್ಷ

ಭಾಗ 1/8 🔴 ಪೊಟ್ಟಣದಲ್ಲಿರೋ ಇತಿಹಾಸ

ಮನೆಯಲ್ಲೇ ಸಿಂಥಸೈಜರ್ ಕಟ್ಟೋಕೆ ಹೊರಟವರು ಸರ್ಕ್ಯೂಟ್ ಬಗ್ಗೆ ತಿಂಗಳುಗಟ್ಟಲೆ ತಲೆ ಕೆಡಿಸ್ಕೊಳ್ತಾರೆ. ಆಸಿಲೇಟರ್ ಯಾವುದು, ಫಿಲ್ಟರ್ ಯಾವುದು, ಪವರ್ ಸಪ್ಲೈ ಎಷ್ಟು ವೋಲ್ಟು. ಕೊನೆಗೆ ಪ್ಯಾನೆಲ್‌ಗೆ ತೂತು ಕೊರೆಯೋ ದಿನ ಬರತ್ತೆ. ಆಗ ಪ್ರಶ್ನೆ: ಎಲ್‌ಇಡಿ ಯಾವ ಬಣ್ಣದ್ದು ಹಾಕೋಣ? ಹೆಚ್ಚಿನವರು ಅದನ್ನ ಎರಡು ನಿಮಿಷದಲ್ಲಿ ಮುಗಿಸಿಬಿಡ್ತಾರೆ. "ನೀಲಿ ಹಾಕು ಮಗಾ, ಸಖತ್ತಾಗಿರತ್ತೆ!"

ಸ್ವಲ್ಪ ತಡೀರಿ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಎಲ್‌ಇಡಿ ಕೇಳಿದ್ರೆ ಕೆಂಪು, ಹಳದಿ, ಹಸಿರು, ನೀಲಿ, ಬಿಳಿ ಎಲ್ಲಾ ಒಂದೇ ಪೊಟ್ಟಣದಲ್ಲಿ ಹಾಕಿ ಕೊಡ್ತಾರೆ. ಅಕ್ಕಪಕ್ಕ ಬಿದ್ದಿರೋ ಕೆಂಪಿಗೂ ನೀಲಿಗೂ ನಡುವೆ 31 ವರ್ಷದ ಅಂತರ ಇದೆ ಅಂತ ಅವನ್ನ ನೋಡಿದ್ರೆ ಗೊತ್ತಾಗಲ್ಲ. ಕಣ್ಣಿಗೆ ಕಾಣೋ ಕೆಂಪು ಎಲ್‌ಇಡಿ ಬಂದಿದ್ದು 1962ರಲ್ಲಿ. ಚೆನ್ನಾಗಿ ಬೆಳಗೋ ನೀಲಿ ಬಂದಿದ್ದು 1993ರಲ್ಲಿ. ನಾವು ಇವತ್ತು "ಕ್ಲಾಸಿಕ್" ಅಂತ ಕರೆಯೋ ಸಿಂಥ್‌ಗಳೆಲ್ಲ ಹುಟ್ಟಿದ್ದು ಈ ಎರಡು ವರ್ಷಗಳ ನಡುವೆ, ಅಥವಾ ಅದರ ಆಚೀಚೆ.

ಅಂದರೆ ಹಳೇ ಸಿಂಥ್ ಮೇಲೆ ಕೆಂಪು ದೀಪ ಇದ್ದಿದ್ದು ಡಿಸೈನರ್‌ಗೆ ಕೆಂಪು ಇಷ್ಟ ಅಂತ ಮಾತ್ರ ಅಲ್ಲ. ಬೇರೆ ಬಣ್ಣ ಸಿಗ್ತಾ ಇರಲಿಲ್ಲ, ಸಿಕ್ಕರೂ ಮಂಕಾಗಿರ್ತಿತ್ತು. ಇದ್ದ ಒಂದೆರಡು ಬಣ್ಣದಲ್ಲೇ ಎಲ್ಲವನ್ನೂ ಹೇಳಬೇಕಿತ್ತು, ಹಾಗಾಗಿ ಪ್ರತಿ ದೀಪಕ್ಕೂ ಒಂದು ಕೆಲಸ ಇತ್ತು. ನಿಮ್ಮ ಕೈಯಲ್ಲಿ ಈಗ ಎಲ್ಲಾ ಬಣ್ಣ ಇದೆ. ಕೆಲಸ ಹಂಚೋ ಜವಾಬ್ದಾರಿ ಮಾತ್ರ ನಿಮ್ಮ ಮೇಲೆ ಬಂದಿದೆ.

ಈ ಎಂಟು ಭಾಗದಲ್ಲಿ ಬಣ್ಣಗಳು ಒಂದೊಂದಾಗಿ ಹೇಗೆ ಬಂದವು ನೋಡೋಣ. ಕೊನೆಯ ಭಾಗದಲ್ಲಿ ನಿಮ್ಮ ಪ್ಯಾನೆಲ್‌ಗೆ ಯಾವುದು ಅಂತ ತೀರ್ಮಾನ ಮಾಡೋಣ. ಸೇವ್ ಮಾಡ್ಕೊಳ್ಳಿ.

ಭಾಗ 2/8 🟡 ಬೆಳಕು ಕಂಡವರು

1907. ಬ್ರಿಟಿಷ್ ಎಂಜಿನಿಯರ್ ಎಚ್. ಜೆ. ರೌಂಡ್, ಮಾರ್ಕೋನಿ ಕಂಪನಿಯಲ್ಲಿದ್ದವರು. ರೇಡಿಯೋಗೆ ಬಳಸೋ ಸಿಲಿಕಾನ್ ಕಾರ್ಬೈಡ್ ಹರಳಿಗೆ ಕರೆಂಟ್ ಕೊಟ್ಟಾಗ ಅದು ಹಳದಿಯಾಗಿ ಮಿನುಗಿತು. ಅವರು ಒಂದು ಪುಟ್ಟ ಟಿಪ್ಪಣಿ ಬರೆದು ಪತ್ರಿಕೆಗೆ ಕಳಿಸಿದ್ರು. ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ.

1920ರ ದಶಕದಲ್ಲಿ ಸೋವಿಯತ್ ರಷ್ಯಾದ ಒಲೆಗ್ ಲೋಸೆವ್ ಅದೇ ಬೆಳಕನ್ನ ಮತ್ತೆ ಕಂಡ್ರು. ಅವರು ಅಷ್ಟಕ್ಕೇ ಬಿಡಲಿಲ್ಲ, ವರ್ಷಗಟ್ಟಲೆ ಕೂತು ಅಳೆದ್ರು, ಲೇಖನ ಬರೆದ್ರು. ಇದು ಬಿಸಿಯಿಂದ ಬರೋ ಬೆಳಕಲ್ಲ ಅಂತ ತೋರಿಸಿದ್ರು. 1942ರಲ್ಲಿ, ಲೆನಿನ್‌ಗ್ರಾಡ್ ಮುತ್ತಿಗೆಯ ಕಾಲದಲ್ಲಿ, ಹಸಿವಿನಿಂದ ತೀರಿಹೋದ್ರು. ವಯಸ್ಸು 38.

ಈಗ ಸ್ವಲ್ಪ ಫಿಸಿಕ್ಸ್, ಭಯ ಬೇಡ. ಬಲ್ಬು ಬೆಳಗೋದು ತಂತಿ ಕಾದು ಕೆಂಪಗಾಗಿ. ಎಲ್‌ಇಡಿ ಹಾಗಲ್ಲ. ಒಳಗೆ ಒಂದು ಮೆಟ್ಟಿಲು ಇದೆ ಅಂದ್ಕೊಳ್ಳಿ. ಎಲೆಕ್ಟ್ರಾನ್ ಮೇಲಿನಿಂದ ಕೆಳಕ್ಕೆ ಬೀಳತ್ತೆ, ಬಿದ್ದಾಗ ಬಿಟ್ಟ ಶಕ್ತಿ ಬೆಳಕಾಗಿ ಹೊರಗೆ ಬರತ್ತೆ. ಮೆಟ್ಟಿಲು ಚಿಕ್ಕದಿದ್ರೆ ಕೆಂಪು. ಎತ್ತರ ಇದ್ರೆ ನೀಲಿ. ಮೆಟ್ಟಿಲಿನ ಎತ್ತರ ಎಷ್ಟು ಅನ್ನೋದು ಯಾವ ವಸ್ತುವಿನಿಂದ ಮಾಡಿದ್ದೀರಿ ಅನ್ನೋದರ ಮೇಲೆ ನಿಂತಿದೆ. ಎಲ್‌ಇಡಿಯ ಪ್ಲಾಸ್ಟಿಕ್ ಟೋಪಿಗೂ ಅದಕ್ಕೂ ಸಂಬಂಧ ಇಲ್ಲ.

ಇದನ್ನ ಮನೆಯಲ್ಲೇ ನೋಡಬಹುದು. ಕೆಂಪು ಎಲ್‌ಇಡಿ ಬೆಳಗುವಾಗ ಅದರ ಎರಡು ಕಾಲಿನ ನಡುವೆ ಮಲ್ಟಿಮೀಟರ್ ಹಿಡಿದ್ರೆ ಸುಮಾರು 2 ವೋಲ್ಟ್. ನೀಲಿಗೆ ಸುಮಾರು 3 ವೋಲ್ಟ್. ಮೆಟ್ಟಿಲು ಎತ್ತರ ಆಯ್ತು, ಹತ್ತಿಸೋಕೆ ವೋಲ್ಟೇಜೂ ಜಾಸ್ತಿ ಬೇಕಾಯ್ತು. ಮೀಟರಿನ ಮೇಲೆ ನೀವು ನೋಡ್ತಿರೋದು ಆ ಮೆಟ್ಟಿಲನ್ನೇ.

ಭಾಗ 3/8 🔴 1962, ಕೆಂಪು

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಒಬ್ಬ ಕಲ್ಲಿದ್ದಲು ಗಣಿ ಕಾರ್ಮಿಕರ ಮಗ, ನಿಕ್ ಹೊಲೊನ್ಯಾಕ್. ಟ್ರಾನ್ಸಿಸ್ಟರ್ ಕಂಡುಹಿಡಿದವರಲ್ಲಿ ಒಬ್ಬರಾದ ಜಾನ್ ಬಾರ್ಡೀನ್ ಅವರ ಮೊದಲ ಪಿಎಚ್‌ಡಿ ವಿದ್ಯಾರ್ಥಿ. ಆ ಕಾಲಕ್ಕೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಕೊಡೋ ಡಯೋಡ್ ಆಗಲೇ ಬಂದಿತ್ತು. ಹೊಲೊನ್ಯಾಕ್‌ಗೆ ಕಣ್ಣಿಗೆ ಕಾಣೋದು ಬೇಕಿತ್ತು. ಗ್ಯಾಲಿಯಂ ಆರ್ಸೆನೈಡ್‌ಗೆ ಫಾಸ್ಫರಸ್ ಬೆರೆಸಿ ಮೆಟ್ಟಿಲನ್ನ ಸ್ವಲ್ಪ ಎತ್ತರಿಸಿದ್ರು. 1962ರ ಅಕ್ಟೋಬರ್‌ನಲ್ಲಿ, ಜನರಲ್ ಎಲೆಕ್ಟ್ರಿಕ್ ಕಂಪನಿಯ ಲ್ಯಾಬಿನಲ್ಲಿ, ಕೆಂಪು ಹೊತ್ತಿತು.

ಹೊತ್ತಿತು ಸರಿ, ಆದ್ರೆ ಕೊಳ್ಳೋರು ಯಾರು? ಮೊದಲ ಕೆಲವು ವರ್ಷ ಅದು ಲ್ಯಾಬಿನವರ ಆಟಿಕೆ, ಬೆಲೆ ಕೇಳಿದ್ರೆ ತಲೆ ತಿರುಗ್ತಿತ್ತು. 1968ರಲ್ಲಿ ಮಾನ್ಸಾಂಟೊ ಕಂಪನಿ ದೊಡ್ಡ ಪ್ರಮಾಣದಲ್ಲಿ ತಯಾರಿಸೋಕೆ ಶುರು ಮಾಡ್ತು. ಅದೇ ಹೊತ್ತಿಗೆ ಎಚ್‌ಪಿ ಕಂಪನಿ ಎಲ್‌ಇಡಿಯಿಂದ ಅಂಕೆ ತೋರಿಸೋ ಡಿಸ್‌ಪ್ಲೇ ತಂತು. 1972ರ ಎಚ್‌ಪಿ-35 ಕ್ಯಾಲ್ಕುಲೇಟರ್ ಫೋಟೋ ಹುಡುಕಿ ನೋಡಿ, ಪುಟಾಣಿ ಕೆಂಪು ಅಂಕೆಗಳು. ಹರಳು ದುಬಾರಿ, ಅದಕ್ಕೇ ಅಂಕೆ ಅಷ್ಟು ಚಿಕ್ಕದು. ದೊಡ್ಡದಾಗಿ ಕಾಣಲಿ ಅಂತ ಮೇಲೆ ಗುಳ್ಳೆಯಂಥ ಪ್ಲಾಸ್ಟಿಕ್ ಲೆನ್ಸ್ ಇಟ್ಟಿದ್ರು.

1972ರಲ್ಲಿ ಹಳದಿ ಬಂತು. ಮಾಡಿದ್ದು ಜಾರ್ಜ್ ಕ್ರಾಫರ್ಡ್, ಹೊಲೊನ್ಯಾಕ್ ಅವರ ಶಿಷ್ಯನೇ. ಗುರು ಒಂದು ಬಣ್ಣ, ಶಿಷ್ಯ ಇನ್ನೊಂದು ಬಣ್ಣ! ಹಸಿರೂ ಬಂತು, ಆದ್ರೆ ಅದು ಹಳದಿ ಬೆರೆತ ಮಾವಿನಕಾಯಿ ಹಸಿರು. ಈಗಿನ ಟ್ರಾಫಿಕ್ ಸಿಗ್ನಲ್‌ನ ಕಡು ಹಸಿರಲ್ಲ.

1970ರ ದಶಕದ ಸಿಂಥ್ ತಯಾರಕರ ಕೈಯಲ್ಲಿ ಇದ್ದಿದ್ದು ಇಷ್ಟೇ. ಒಳ್ಳೆ ಕೆಂಪು, ಪರವಾಗಿಲ್ಲ ಅನ್ನೋ ಹಳದಿ, ಮಂಕು ಹಸಿರು. ನೀಲಿ ಕೇಳಲೇಬೇಡಿ.

ಭಾಗ 4/8 🎛️ ದೀಪ ಯಾಕೆ ಬೇಕಾಯ್ತು?

ರಾಬರ್ಟ್ ಮೂಗ್ ತಮ್ಮ ಮಾಡ್ಯುಲರ್ ಸಿಂಥ್ ಶುರು ಮಾಡಿದ್ದು 1964ರಲ್ಲಿ. ಕಪ್ಪು ಪ್ಯಾನೆಲ್, ಬಿಳಿ ಅಕ್ಷರ, ನಾಬ್, ತಂತಿಗಳು. 1969ರಲ್ಲಿ ಅಂಥದ್ದೇ ಒಂದು ಮೂಗ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಬಂತು. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು ಸ್ಟುಡಿಯೋ ಜೋಡಿಸಿಕೊಟ್ರು. 1970ರ ಮಿನಿಮೂಗ್ ನೋಡಿದ್ರೆ ನೀಲಿ, ಕಿತ್ತಳೆ ಬಣ್ಣದ ಸ್ವಿಚ್ ಕಾಣ್ತವೆ. ಗಮನಿಸಿ, ಅದು ಪ್ಲಾಸ್ಟಿಕ್ ಬಣ್ಣ, ಬೆಳಕಲ್ಲ.

ಆ ಯಂತ್ರಗಳಿಗೆ ಹೆಚ್ಚು ದೀಪ ಬೇಕಿರಲಿಲ್ಲ, ಯಾಕಂದ್ರೆ ನಾಬ್ ಎಲ್ಲಿದೆಯೋ ಸದ್ದೂ ಅಲ್ಲೇ ಇರ್ತಿತ್ತು. ಪ್ಯಾನೆಲ್ ನೋಡಿದ್ರೆ ಸದ್ದು ಓದಬಹುದಿತ್ತು.

1978ರಲ್ಲಿ ಅದು ಬದಲಾಯ್ತು. ಡೇವ್ ಸ್ಮಿತ್ ಅವರ ಪ್ರಾಫೆಟ್-5 ಸಿಂಥ್, ನೀವು ಮಾಡಿದ ಸದ್ದನ್ನ ನೆನಪಿಟ್ಟುಕೊಳ್ತಿತ್ತು. ಬಟನ್ ಒತ್ತಿದ್ರೆ ಬೇರೆ ಸದ್ದು, ಆದ್ರೆ ನಾಬ್ ಇದ್ದಲ್ಲೇ ಇದೆ! ಪ್ಯಾನೆಲ್ ಈಗ ಸುಳ್ಳು ಹೇಳ್ತಿದೆ. ನಿಜ ಹೇಳೋಕೆ ಒಂದು ಸಾಧನ ಬೇಕಾಯ್ತು. ಅದೇ ಆ ಪುಟ್ಟ ಕೆಂಪು ಅಂಕೆಗಳ ಡಿಸ್‌ಪ್ಲೇ ಮತ್ತು ಸ್ವಿಚ್ ಮೇಲಿನ ಕೆಂಪು ಚುಕ್ಕೆಗಳು. ಈ ಮಾತು ನೆನಪಿಡಿ: ಕಣ್ಣಿಗೆ ಬೇರೆ ರೀತಿಯಲ್ಲಿ ಕಾಣದೇ ಇರೋದನ್ನ ಹೇಳೋದೇ ದೀಪದ ಕೆಲಸ.

1980ರ ರೋಲಂಡ್ ಟಿಆರ್-808 ಇನ್ನೊಂದು ಪಾಠ. ಕೆಳಗೆ 16 ಬಟನ್. ಮೊದಲ ನಾಲ್ಕು ಕೆಂಪು, ಆಮೇಲೆ ಕಿತ್ತಳೆ, ಹಳದಿ, ಬಿಳಿ. ಇದು ಪ್ಲಾಸ್ಟಿಕ್ ಬಣ್ಣ, ತಾಳದಲ್ಲಿ ನೀವು ಎಲ್ಲಿದ್ದೀರಿ ಅಂತ ಹೇಳತ್ತೆ. ಪ್ರತಿ ಬಟನ್ ಮೇಲೆ ಒಂದು ಕೆಂಪು ಎಲ್‌ಇಡಿ, ಅದು ಈಗ ಏನಾಗ್ತಿದೆ ಅಂತ ಹೇಳತ್ತೆ. ಜಾಗಕ್ಕೆ ಪ್ಲಾಸ್ಟಿಕ್, ಸ್ಥಿತಿಗೆ ಬೆಳಕು. ಒಂದೇ ಬಣ್ಣದ ದೀಪದಲ್ಲಿ ಇಡೀ ತಾಳ ಕಾಣ್ತಿತ್ತು. 1982ರಲ್ಲಿ ಮುಂಬೈನ ಚರಣ್‌ಜಿತ್ ಸಿಂಗ್ ಹತ್ತು ರಾಗಗಳನ್ನ ಡಿಸ್ಕೋ ತಾಳಕ್ಕೆ ಕೂರಿಸಿ ಆಲ್ಬಂ ಮಾಡಿದಾಗ ಬಳಸಿದ ಯಂತ್ರಗಳಲ್ಲಿ ಈ 808 ಕೂಡ ಒಂದು.

ಭಾಗ 5/8 🟢 ಪರದೆಗಳು, ಮತ್ತೆ ನಮ್ಮೂರಿನ ಒಬ್ಬರು

ಚುಕ್ಕೆ ದೀಪ ಸಾಲದೇ ಅಕ್ಷರ ಬೇಕಾದಾಗ ಪರದೆ ಬಂತು. ಇಲ್ಲೂ ಬಣ್ಣ ಆಯ್ಕೆ ಮಾಡಿದ್ದು ವಸ್ತುವೇ.

1979ರಲ್ಲಿ ಸಿಡ್ನಿಯಲ್ಲಿ ತಯಾರಾದ ಫೇರ್‌ಲೈಟ್ ಸಿಎಂಐಗೆ ಟಿವಿಯಂಥ ಮಾನಿಟರ್ ಇತ್ತು, ಗಾಜಿನ ಹಿಂದೆ ಬಳಿದ ರಾಸಾಯನಿಕದಿಂದ ಬಂದ ಹಸಿರು. 1986ರ ಎನ್ಸಾನಿಕ್ ಇಎಸ್‌ಕ್ಯೂ-1ರಲ್ಲಿ 80 ಅಕ್ಷರದ ವ್ಯಾಕ್ಯೂಮ್ ಫ್ಲೋರೆಸೆಂಟ್ ಡಿಸ್‌ಪ್ಲೇ. ಹಳೇ ವಿಸಿಆರ್‌ನಲ್ಲಿ ಗಡಿಯಾರ ಹೊಳೀತಿತ್ತಲ್ಲ, ಆ ಹಸಿರು-ನೀಲಿ. ಅದು ಜಿಂಕ್ ಆಕ್ಸೈಡ್ ಲೇಪದ ಬಣ್ಣ.

ಇವೆರಡರ ನಡುವೆ, 1983ರಲ್ಲಿ ಯಮಹಾ ಡಿಎಕ್ಸ್7. ಎರಡು ಸಾಲು, ಸಾಲಿಗೆ 16 ಅಕ್ಷರದ ಎಲ್‌ಸಿಡಿ. ಹಿಂದೆ ಬೆಳಕೇ ಇರಲಿಲ್ಲ! ಕತ್ತಲೆ ಸ್ಟೇಜಿನಲ್ಲಿ ಅದನ್ನ ಓದೋಕೆ ಪಾಡು ಪಡಬೇಕಿತ್ತು. ಅದೃಷ್ಟಕ್ಕೆ ಪಕ್ಕದಲ್ಲಿ ಕೆಂಪು ಎಲ್‌ಇಡಿ ಅಂಕೆ ಇತ್ತು, ಎಷ್ಟನೇ ಸದ್ದಲ್ಲಿ ಇದ್ದೀವಿ ಅಂತಾದ್ರೂ ಗೊತ್ತಾಗ್ತಿತ್ತು.

ಎಲ್‌ಸಿಡಿ ತಾನಾಗಿ ಬೆಳಗಲ್ಲ. ಅದರೊಳಗೆ ಇರೋದು ದ್ರವ ಸ್ಫಟಿಕ. ನೀರಿನಂತೆ ಹರಿಯತ್ತೆ, ಆದ್ರೆ ಅಣುಗಳು ಹರಳಿನಂತೆ ಸಾಲಾಗಿ ನಿಲ್ತವೆ. ವೋಲ್ಟೇಜ್ ಕೊಟ್ರೆ ಅಣುಗಳು ತಿರುಗಿ ಬೆಳಕನ್ನ ಬಿಡ್ತವೆ ಇಲ್ಲಾ ತಡೀತವೆ. ಆ ಅಣುಗಳು ಕಡ್ಡಿಯ ಆಕಾರದವು ಮಾತ್ರ ಅಂತ ಬಹಳ ಕಾಲ ನಂಬಿದ್ರು.

ಆ ನಂಬಿಕೆ ಮುರಿದಿದ್ದು ಬೆಂಗಳೂರಿನಲ್ಲಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ವಿಭಾಗ ಮುನ್ನಡೆಸಿ, 1971ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ ಎಸ್. ಚಂದ್ರಶೇಖರ್ ಅಲ್ಲಿ ದ್ರವ ಸ್ಫಟಿಕದ ಲ್ಯಾಬ್ ಕಟ್ಟಿದ್ರು. 1977ರಲ್ಲಿ ಅವರೂ ಜೊತೆಗಾರರಾದ ಬಿ. ಕೆ. ಸದಾಶಿವ, ಕೆ. ಎ. ಸುರೇಶ್ ಕೂಡ ತಟ್ಟೆಯಾಕಾರದ ಅಣುಗಳೂ ದ್ರವ ಸ್ಫಟಿಕ ಆಗ್ತವೆ ಅಂತ ತೋರಿಸಿದ್ರು. ಒಂದರ ಮೇಲೊಂದು ಪೇರಿಸಿದ ನಾಣ್ಯದ ಹಾಗೆ. ಮುಂದೆ ಇಂಥ ತಟ್ಟೆ ಅಣುಗಳ ತೆಳು ಹಾಳೆ ಹಚ್ಚಿ, ಎಲ್‌ಸಿಡಿಯನ್ನ ಓರೆಯಿಂದ ನೋಡಿದ್ರೂ ಸರಿಯಾಗಿ ಕಾಣೋ ಹಾಗೆ ಮಾಡಿದ್ರು. ಸಿ. ವಿ. ರಾಮನ್ ಸಂಸ್ಥೆ ಅಂದ್ರೆ ಬರೀ ರಾಮನ್ ಮಾತ್ರ ಅಲ್ಲ, ನೋಡಿ.

ಭಾಗ 6/8 🔵 ನೀಲಿಗಾಗಿ ಕಾದ 31 ವರ್ಷ

ಕೆಂಪು, ಹಳದಿ, ಹಸಿರು ಆಯ್ತು. ನೀಲಿಗೆ ಯಾಕೆ ಇಷ್ಟು ಕಷ್ಟ? ಮೆಟ್ಟಿಲು ತುಂಬಾ ಎತ್ತರ ಬೇಕು. ಅದಕ್ಕೆ ತಕ್ಕ ವಸ್ತು ಗ್ಯಾಲಿಯಂ ನೈಟ್ರೈಡ್ ಅಂತ ಗೊತ್ತಿತ್ತು, ಆದ್ರೆ ಅದರ ಒಳ್ಳೆ ಹರಳು ಬೆಳೆಸೋಕೆ ಯಾರಿಗೂ ಆಗ್ತಿರಲಿಲ್ಲ. ಅಮೆರಿಕದ ಆರ್‌ಸಿಎ ಕಂಪನಿ 1970ರ ದಶಕದಲ್ಲಿ ಪ್ರಯತ್ನಪಟ್ಟು ಕೈಬಿಟ್ಟಿತು. ಹೆಚ್ಚಿನ ವಿಜ್ಞಾನಿಗಳು ಬೇರೆ ವಸ್ತು ಹಿಡಿದು ಹೊರಟರು.

ಜಪಾನಿನ ನಗೋಯಾದಲ್ಲಿ ಇಸಾಮು ಅಕಸಾಕಿ ಮತ್ತು ಅವರ ವಿದ್ಯಾರ್ಥಿ ಹಿರೋಶಿ ಅಮಾನೋ ಮಾತ್ರ ಬಿಡಲಿಲ್ಲ. 1986ರಲ್ಲಿ ಒಳ್ಳೆ ಹರಳು ಬೆಳೆಸಿದ್ರು. 1989ರಲ್ಲಿ ಅದರ ಇನ್ನೊಂದು ಅರ್ಧ, ಅಂದ್ರೆ ಪಿ-ಟೈಪ್ ಪದರ, ಮಾಡಿ ತೋರಿಸಿದ್ರು. ಪಿ ಮತ್ತೆ ಎನ್ ಎರಡೂ ಇಲ್ಲದೆ ಡಯೋಡ್ ಆಗಲ್ಲ ಅಂತ ಪಿಯುಸಿಯಲ್ಲಿ ಓದಿದ್ದೀರಲ್ಲ, ಅದೇ.

ಇತ್ತ ಶಿಕೋಕು ದ್ವೀಪದ ಚಿಕ್ಕ ಊರಲ್ಲಿ ನಿಚಿಯಾ ಅನ್ನೋ ಕಂಪನಿ. ಟ್ಯೂಬ್‌ಲೈಟ್, ಟಿವಿಗೆ ಬೇಕಾದ ಲೇಪದ ಪುಡಿ ಮಾಡ್ತಿದ್ದವರು. ಅಲ್ಲಿ ಕೆಲಸಕ್ಕಿದ್ದ ಶೂಜಿ ನಕಮುರಾ ಅದೇ ಹರಳಿನ ಬೆನ್ನು ಹತ್ತಿದ್ರು. ಯಂತ್ರವನ್ನ ತಾವೇ ಬಿಚ್ಚಿ, ತಾವೇ ಮತ್ತೆ ಜೋಡಿಸಿ, ಬದಲಾಯಿಸಿ, ಮತ್ತೆ ಪ್ರಯೋಗ. 1993ರಲ್ಲಿ ನೀಲಿ ಎಲ್‌ಇಡಿ ಘೋಷಣೆ ಆಯ್ತು. ಆವರೆಗೆ ಮಾರ್ಕೆಟ್‌ನಲ್ಲಿದ್ದ ಮಿಣುಕು ನೀಲಿಗಿಂತ ಸುಮಾರು 100 ಪಟ್ಟು ಪ್ರಕಾಶ! ಇದೇ ವಸ್ತುವಿನಿಂದ ಕಡು ಹಸಿರೂ ಬಂತು. ನೀಲಿ ಮೇಲೆ ಹಳದಿ ಲೇಪ ಹಚ್ಚಿದಾಗ ಬಿಳಿಯೂ ಬಂತು. ನಿಮ್ಮ ಮನೆಯ ಎಲ್‌ಇಡಿ ಬಲ್ಬ್ ಅದೇ ವಂಶದ್ದು.

2014ರ ನೊಬೆಲ್ ಈ ಮೂವರಿಗೆ ಸಿಕ್ಕಿತು. ಕೆಂಪು ಹೊತ್ತಿಸಿದ ಹೊಲೊನ್ಯಾಕ್‌ಗೆ ಸಿಗಲಿಲ್ಲ. ಅವರು ಬೇಸರ ಮುಚ್ಚಿಡಲೂ ಇಲ್ಲ. 2022ರಲ್ಲಿ ತೀರಿಕೊಂಡರು.

31 ವರ್ಷ ಕಾದ ಬಣ್ಣ ಸಿಕ್ಕ ಮೇಲೆ ಏನಾಯ್ತು? 2000ದ ದಶಕದಲ್ಲಿ ಕಂಪ್ಯೂಟರ್, ಸ್ಪೀಕರ್, ಚಾರ್ಜರ್, ಸಿಂಥ್, ಎಲ್ಲದರ ಮೇಲೂ ನೀಲಿ. ನೀಲಿ ಅಂದ್ರೆ "ಹೊಸದು" ಅಂತ ಅರ್ಥ. ಅದರಾಚೆ ಬೇರೇನೂ ಹೇಳ್ತಿರಲಿಲ್ಲ.

ಭಾಗ 7/8 👁️ ಕಣ್ಣು ಏನು ಹೇಳತ್ತೆ

ಈಗ ನಿಮ್ಮ ಪ್ಯಾನೆಲ್ ನೋಡೋ ಕಣ್ಣಿನ ಕಡೆ ಬರೋಣ. ಬೆಳಕಿರೋವಾಗ ನಮ್ಮ ಕಣ್ಣಿಗೆ ಅತಿ ಚೆನ್ನಾಗಿ ಕಾಣೋದು ಹಸಿರು, ಸುಮಾರು 555 ನ್ಯಾನೋಮೀಟರ್. ಕತ್ತಲಾದ್ರೆ ಕಣ್ಣಿನೊಳಗೆ ಬೇರೆ ಕೋಶಗಳು ಕೆಲಸಕ್ಕೆ ಇಳೀತವೆ, ಅವುಗಳಿಗೆ ನೀಲಿ-ಹಸಿರು ಹೆಚ್ಚು ಕಾಣತ್ತೆ, ಕೆಂಪು ಹೆಚ್ಚೂಕಮ್ಮಿ ಕಾಣಲ್ಲ. ಇದನ್ನ 19ನೇ ಶತಮಾನದಲ್ಲೇ ಯಾನ್ ಪುರ್ಕಿನ್ಯೆ ಗಮನಿಸಿದ್ರು. ಸಂಜೆಗತ್ತಲಲ್ಲಿ ಕೆಂಪು ಹೂ ಕಪ್ಪಾಗಿ, ಎಲೆ ಎದ್ದು ಕಾಣೋದು ಇದಕ್ಕೇ.

ಇದರಿಂದ ಒಂದು ಉಪಯೋಗ ಇದೆ. ಕೆಂಪು ದೀಪ ಆ ಕತ್ತಲೆ ಕೋಶಗಳನ್ನ ಕೆಣಕಲ್ಲ. ಅದಕ್ಕೇ ಆಕಾಶ ನೋಡೋರು ಕೆಂಪು ಟಾರ್ಚ್ ಹಿಡೀತಾರೆ. ಕತ್ತಲೆ ಸ್ಟೇಜಿನಲ್ಲೂ ಅಷ್ಟೇ. ಜೋರು ನೀಲಿ ದೀಪ ಮುಖಕ್ಕೆ ಹೊಡೆದ್ರೆ, ಪಕ್ಕದ ನಾಬ್ ಮೇಲಿನ ಗೆರೆಯೇ ಕಾಣಲ್ಲ.

ನೀಲಿಗೆ ಇನ್ನೂ ಒಂದು ತೊಂದರೆ. ನಾವು ಓದೋಕೆ ಬಳಸೋ ಕಣ್ಣಿನ ನಟ್ಟನಡುವಿನ ಜಾಗದಲ್ಲಿ ನೀಲಿ ಗುರುತಿಸೋ ಕೋಶಗಳು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಜೊತೆಗೆ ನೀಲಿ ಬೆಳಕು ಪರದೆಯ ಸ್ವಲ್ಪ ಮುಂದೇನೇ ಫೋಕಸ್ ಆಗತ್ತೆ. ಹಾಗಾಗಿ ನೀಲಿ ಡಿಸ್‌ಪ್ಲೇಯ ಸಣ್ಣ ಅಕ್ಷರ ಅಂಚಲ್ಲಿ ಕಲಸಿದಂತೆ ಕಾಣತ್ತೆ.

ಎಲ್ಲಕ್ಕಿಂತ ದೊಡ್ಡ ಮಾತು ಇದು. ಕೆಂಪು-ಹಸಿರು ಬೇರೆ ಮಾಡಿ ಗುರುತಿಸೋಕೆ ಕಷ್ಟ ಆಗೋ ಜನ ಇದ್ದಾರೆ. ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 8%. ಬೇರೆ ಕಡೆ ಸ್ವಲ್ಪ ಕಮ್ಮಿ, ಆದ್ರೂ ಒಂದು ದೊಡ್ಡ ಕ್ಲಾಸಿನಲ್ಲಿ ಒಬ್ಬಿಬ್ಬರು ಇರೋ ಸಾಧ್ಯತೆ ಚೆನ್ನಾಗೇ ಇದೆ. 1875ರಲ್ಲಿ ಸ್ವೀಡನ್‌ನ ಲಾಗರ್‌ಲುಂಡಾದಲ್ಲಿ ರೈಲು ಅಪಘಾತ ಆದ ಮೇಲೆ, ರೈಲು ಸಿಬ್ಬಂದಿಗೆ ಬಣ್ಣದ ಕಣ್ಣು ಪರೀಕ್ಷೆ ಮಾಡಬೇಕು ಅಂತ ಹೋಲ್ಮ್‌ಗ್ರೆನ್ ಅನ್ನೋ ವಿಜ್ಞಾನಿ ಪಟ್ಟು ಹಿಡಿದ್ರು. ನಮ್ಮ ರೈಲ್ವೆಯಲ್ಲೂ ಲೋಕೋ ಪೈಲಟ್‌ಗೆ ಆ ಪರೀಕ್ಷೆ ಇದೆ.

ಸಿಂಥ್‌ನಲ್ಲಿ ಯಾರ ಪ್ರಾಣವೂ ಹೋಗಲ್ಲ, ಒಪ್ಪಿದೆ. ಆದ್ರೆ ಎಷ್ಟೋ ಮಾಡ್ಯೂಲ್‌ಗಳಲ್ಲಿ ಸಿಗ್ನಲ್ ಪ್ಲಸ್ ಇದ್ರೆ ಹಸಿರು, ಮೈನಸ್ ಇದ್ರೆ ಕೆಂಪು ಆಗೋ ಒಂದೇ ಎಲ್‌ಇಡಿ ಇರತ್ತೆ. ನಿಮ್ಮ ಗೆಳೆಯನಿಗೆ ಅದು ಎರಡೂ ಒಂದೇ ಥರ ಕಂಡ್ರೆ, ಆ ವಾದ್ಯ ಅವನಿಗೆ ಅರ್ಧ ಮುಚ್ಚಿದ ಹಾಗೆ. ಅವನು ಅದನ್ನ ಬಾಯಿಬಿಟ್ಟು ಹೇಳದೇನೂ ಇರಬಹುದು.

ಭಾಗ 8/8 🛠️ ಈಗ ನಿಮ್ಮ ಪ್ಯಾನೆಲ್

ಇಷ್ಟು ಇತಿಹಾಸ ಕೇಳಿದ್ರಲ್ಲ, ಈಗ ಕೆಲಸಕ್ಕೆ ಬರೋಣ.

1. ಮೊದಲು ಕಾಗದದ ಮೇಲೆ ಬರೀರಿ: ಈ ದೀಪ ಏನು ಹೇಳತ್ತೆ? ಉತ್ತರ ಬರಲಿಲ್ಲ ಅಂದ್ರೆ ಆ ತೂತು ಕೊರೀಬೇಡಿ.

2. ಒಂದು ಬಣ್ಣಕ್ಕೆ ಒಂದೇ ಅರ್ಥ. ತಾಳದ ಮಿನುಗಿಗೆ ಕೆಂಪು ಅಂದ್ರೆ ಇಡೀ ಪ್ಯಾನೆಲ್‌ನಲ್ಲಿ ತಾಳಕ್ಕೇ ಕೆಂಪು. ಎರಡು ಮೂರು ಬಣ್ಣ ಸಾಕು. 808 ಒಂದರಲ್ಲೇ ಮುಗಿಸಿತ್ತು.

3. ಜಾಗ ತೋರಿಸೋಕೆ ನಾಬ್, ಬಟನ್, ಪೇಂಟ್ ಬಣ್ಣ ಬಳಸಿ. ಬೆಳಕನ್ನ ಸ್ಥಿತಿಗೆ ಉಳಿಸಿ.

4. ಪ್ಲಸ್-ಮೈನಸ್ ತೋರಿಸಬೇಕಾ? ಕೆಂಪು-ಹಸಿರು ಬೇಡ. ನೀಲಿ-ಕಿತ್ತಳೆ ಹಾಕಿ. ಇನ್ನೂ ಒಳ್ಳೇದು, ಎರಡು ಎಲ್‌ಇಡಿ ಮೇಲೆ-ಕೆಳಗೆ ಇಡಿ. ಬಣ್ಣ ಕಾಣದಿದ್ರೂ ಜಾಗ ಕಾಣತ್ತೆ. ನೀಲಿಗೆ ಇಲ್ಲಿ ನಿಜವಾದ ಕೆಲಸ ಸಿಕ್ಕಿತು, ನೋಡಿ.

5. ಎಲ್ಲಾ ಎಲ್‌ಇಡಿಗೂ ಒಂದೇ ರೆಸಿಸ್ಟರ್ ಹಾಕಬೇಡಿ. ಲೆಕ್ಕ ಸುಲಭ: ಸಪ್ಲೈ ವೋಲ್ಟೇಜಿನಿಂದ ಎಲ್‌ಇಡಿ ವೋಲ್ಟೇಜ್ ಕಳೆದು, ಕರೆಂಟಿನಿಂದ ಭಾಗಿಸಿ. 12 ವೋಲ್ಟ್ ಸಪ್ಲೈ, 2 ವೋಲ್ಟ್ ಕೆಂಪು, 5 ಮಿಲಿಆಂಪ್ ಅಂದ್ರೆ 2,000 ಓಮ್. ಅಂಗಡಿಯಲ್ಲಿ 2.2ಕೆ ಕೇಳಿ. ನೀಲಿ ಮತ್ತೆ ಹೊಸ ಥರದ ಕಡು ಹಸಿರು 1 ಮಿಲಿಆಂಪ್‌ಗೇ ಕಣ್ಣು ಕುಕ್ಕತ್ತೆ. 3 ವೋಲ್ಟ್ ಕಳೆದ್ರೆ 9,000 ಓಮ್, ಅಂದ್ರೆ 10ಕೆ. ಸೋಲ್ಡರ್ ಮಾಡೋ ಮೊದಲು ಬ್ರೆಡ್‌ಬೋರ್ಡ್‌ನಲ್ಲಿ ಹಾಕಿ, ರೂಮಿನ ಲೈಟ್ ಆರಿಸಿ, ಕೈ ಚಾಚಿದಷ್ಟು ದೂರದಿಂದ ನೋಡಿ. ಎಲ್ಲಾ ದೀಪ ಸಮ ಕಾಣಬೇಕು.

6. ಟೆಂಪೋ, ಪ್ಯಾಚ್ ನಂಬರಿಗೆ ಕೆಂಪು ಸೆವೆನ್ ಸೆಗ್ಮೆಂಟ್ ಈಗಲೂ ರಾಜ. ಮುಂದೆ ಒಂದು ಕೆಂಪು ಅಕ್ರಿಲಿಕ್ ತುಂಡು ಇಟ್ರೆ ಹೊರಗಿನ ಬೆಳಕು ತಡೆದು ಅಂಕೆ ಸ್ಪಷ್ಟ ಕಾಣತ್ತೆ. ಮೆನು ಬೇಕಂದ್ರೆ ಪುಟ್ಟ ಓಲೆಡ್ ಹಾಕಿ. ಬಿಳಿ ತಗೊಳ್ಳಿ, ನೀಲಿ ಬೇಡ, ಕಾರಣ ಭಾಗ 7ರಲ್ಲಿ ಇದೆ. ಒಂದೇ ಚಿತ್ರ ಗಂಟೆಗಟ್ಟಲೆ ನಿಂತ್ರೆ ಅಲ್ಲಿ ಕಲೆ ಉಳಿಯತ್ತೆ, ಹಾಗಾಗಿ ಬಳಸದಿದ್ದಾಗ ಮಂಕಾಗೋ ಹಾಗೆ ಕೋಡ್ ಬರೀರಿ.

7. ಡಿಸ್‌ಪ್ಲೇ ಹಾಕಿದ ಮೇಲೆ ಸ್ಪೀಕರ್‌ನಲ್ಲಿ "ಕುಂಯ್" ಅಂತ ಸದ್ದು ಬಂದ್ರೆ ಆಶ್ಚರ್ಯ ಬೇಡ. ಓಲೆಡ್ ಮತ್ತೆ ಮಿನುಗೋ ಎಲ್‌ಇಡಿ ಕರೆಂಟನ್ನ ಎಳೆದು ಬಿಟ್ಟು ಮಾಡ್ತವೆ. ಅವುಗಳ ಗ್ರೌಂಡ್ ತಂತಿಯನ್ನ ಆಡಿಯೋ ಗ್ರೌಂಡ್‌ನಿಂದ ಬೇರೆಯಾಗಿ ಪವರ್ ಸಪ್ಲೈವರೆಗೂ ಒಯ್ಯಿರಿ, ಡಿಸ್‌ಪ್ಲೇ ಹತ್ತಿರ ಒಂದು ಕೆಪಾಸಿಟರ್ ಇಡಿ.

ಲೋಸೆವ್ ಹಸಿವಲ್ಲಿ ಸತ್ತರು. ಹೊಲೊನ್ಯಾಕ್‌ಗೆ ನೊಬೆಲ್ ಬರಲಿಲ್ಲ. ಅಕಸಾಕಿ, ಅಮಾನೋ, ನಕಮುರಾ ಎಲ್ಲರೂ ಬಿಟ್ಟುಹೋದ ಹರಳನ್ನ ಹಿಡಿದು ಕೂತರು. ಅವರೆಲ್ಲರ ಕೆಲಸ ಇವತ್ತು ಒಂದೆರಡು ರೂಪಾಯಿಗೆ ನಿಮ್ಮ ಅಂಗೈಯಲ್ಲಿದೆ. ಸುಮ್ಮನೆ ಮಿನುಗಿಸೋಕೆ ಬಳಸಿದ್ರೆ ತಪ್ಪೇನಿಲ್ಲ. ಆದ್ರೆ ಕತ್ತಲಲ್ಲಿ ಕೂತು ನುಡಿಸೋ ಒಬ್ಬರಿಗೆ "ನೀನು ಇಲ್ಲಿದ್ದೀಯ, ಮುಂದಿನ ಪೆಟ್ಟು ಇಲ್ಲಿ" ಅಂತ ಹೇಳೋಕೆ ಬಳಸಿದ್ರೆ ಅದಕ್ಕಿಂತ ಒಳ್ಳೇ ಬಳಕೆ ಇಲ್ಲ.

ನಿಮ್ಮ ಪ್ಯಾನೆಲ್‌ನಲ್ಲಿ ಯಾವ ದೀಪಕ್ಕೆ ಯಾವ ಕೆಲಸ ಕೊಟ್ರಿ? ಕಮೆಂಟಲ್ಲಿ ಬರೀರಿ. ಬಣ್ಣ ಗುರುತಿಸೋಕೆ ಕಷ್ಟ ಆಗೋ ಗೆಳೆಯರಿದ್ರೆ ಅವರಿಗೂ ಟ್ಯಾಗ್ ಮಾಡಿ, ಯಾವ ಜೋಡಿ ಚೆನ್ನಾಗಿ ಕಾಣತ್ತೆ ಅಂತ ಅವರೇ ಹೇಳಲಿ.

#ಮನೆಸಿಂಥ್ #ಎಲ್‌ಇಡಿಕಥೆ #ಕನ್ನಡದಲ್ಲಿವಿಜ್ಞಾನ #ಇತಿಹಾಸ